ಸಹಾಯವಾಣಿಯಲ್ಲಿ ದರ್ಜಿಯಮ್ಮ

ಮಗನೆಂದು ಬೆಳೆಸಿದ ಮಗು ತಾನು ಹೆಣ್ಣು ಎಂದು ಹೇಳಿದಾಗ ದಿಕ್ಕು ತೋಚದೆ ಕುಳಿತಿದ್ದ ದರ್ಜಿಯಮ್ಮನ ಕೈಹಿಡಿದದ್ದು, ಟ್ರಾನ್ಸ್‌ಜೆಂಡರ್ ಮಕ್ಕಳ ಹೆತ್ತವರಿಗೆಂದೇ ಇದ್ದ ಸಹಾಯವಾಣಿ. ಎರಡು ವರ್ಷದ ಮೇಲೆ ಅದೇ ಕಚೇರಿಯಲ್ಲಿ ಕರೆಗೆ ಉತ್ತರಿಸಲು ಅವಳೇ ಕುಳಿತಿದ್ದಳು, ಪಕ್ಕದಲ್ಲಿ ಆ ಮಗಳು.

ಫೋನು ಹೊಡೆದುಕೊಂಡಿತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಂಗಡಿಯ ಅಭ್ಯಾಸ: "ಏನು ಹೊಲೀಬೇಕಮ್ಮಾ?"

ಮಗಳು ಹಣೆ ಚಚ್ಚಿಕೊಂಡಳು.

"ರಾಂಗ್ ನಂಬರ್ ಅನ್ಸುತ್ತೆ," ಎಂದಿತು ಒಂದು ಹೆಣ್ಣಿನ ಅಳುದನಿ.

"ಇಡಬೇಡಮ್ಮಾ! ನಂಬರ್ ಸರಿಯಾಗೇ ಇದೆ. ನಾನು ದರ್ಜಿ. ನಿನ್ನ ಹಾಗೇ ತಾಯಿ."

"ನನ್ನ ಮಗು ಅಂಗಡೀಲಿ ಫ್ರಾಕ್ ಮುಂದೆ ನಿಂತ್ಬಿಡುತ್ತೆ. ಜನಕ್ಕೆ ಏನಂತ ಹೇಳ್ಲಿ ಅಕ್ಕಾ?"

"ಜನ ಹಾಗಿರ್ಲಿ. ಮಗೂನ ಕರ್ಕೊಂಡು ಬಾ. ಇಲ್ಲಿ ಡಾಕ್ಟರಿದಾರೆ, ವಕೀಲರಿದಾರೆ. ಫ್ರಾಕ್ ಹೊಲಿಯೋಕೆ ನನ್ನ ಮಗಳಿದಾಳೆ. ಕತ್ತರಿ ಹಿಡಿದ್ರೆ ನನ್ನನ್ನೇ ಮೀರಿಸ್ತಾಳೆ!"

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು. "ನಾಳೆನೇ ಬರ್ತೀವಕ್ಕಾ."

ಫೋನಿಟ್ಟು ತಿರುಗಿದರೆ ಮಗಳ ಕಣ್ಣು ತುಂಬಿತ್ತು. "ಅಂಗಡೀಲಿ ಒಂದಿನಾನೂ ಹೀಗೆ ಹೇಳಿಲ್ವಲ್ಲಮ್ಮಾ!"

"ಬಾಯ್ತಪ್ಪಿ ಬಂತು ಕಣೇ, ತಲೆ ಮೇಲೆ ಕೂರ್ಬೇಡ," ಎಂದು ಗದರಿದರೂ, ದರ್ಜಿಯಮ್ಮನಿಗೆ ಮುಖದ ಮೇಲಿನ ಹೆಮ್ಮೆಯನ್ನು ಮುಚ್ಚಿಡಲಾಗಲಿಲ್ಲ.