ಜಡೆಯ ತುದಿಗೊಂದು ಲೋಟ

ನನ್ನ ಮನೆಗೆ ಬಾಡಿಗೆಗೆ ಬಂದವರ ಒಂದು ಕೂದಲೂ ಕೊಂಕದ ಹಾಗೆ ನೋಡಿಕೊಂಡವಳು ನಾನು. ಬೊಮ್ಮಸಂದ್ರದಲ್ಲಿ ಭಾಗ್ಯಮ್ಮನ ಬಿಲ್ಡಿಂಗ್ ಎಂದು ಯಾರನ್ನು ಬೇಕಾದರೂ ಕೇಳಿ. ಆರು ಮನೆಗಳಿಗೂ ನೀರು ಬಿಡುವ ಮೋಟಾರಿನ ಸ್ವಿಚ್ಚು ನನ್ನ ಅಡುಗೆಮನೆಯಲ್ಲಿದೆ. ಎಣ್ಣೆ ಕಾಯಿಸುವ ಬಾಣಲೆಯೂ ಅಲ್ಲೇ ಇದೆ. ಕೊಬ್ಬರಿ ಎಣ್ಣೆಗೆ ಹರಳೆಣ್ಣೆ ಬೆರೆಸಿ, ಗರುಗದ ಸೊಪ್ಪು, ಕರಿಬೇವು, ಮೆಂತ್ಯ ಹಾಕಿ ಕಪ್ಪಗಾಗುವವರೆಗೆ ಕಾಯಿಸುತ್ತೇನೆ. ಬಾಡಿಗೆ ಕರಾರಿನಲ್ಲಿ ಬರೆದಿಲ್ಲ ಎನ್ನುವುದೊಂದು ಬಿಟ್ಟರೆ, ನಮ್ಮ ಬಿಲ್ಡಿಂಗಿನ ಹೆಂಗಸರೆಲ್ಲ ದಿನಾ ಅದನ್ನು ತಲೆಗೆ ಹಚ್ಚಿ, ನೂರು ಸಲ ಬಾಚಿ, ಬಿಗಿಯಾಗಿ ಜಡೆ ಹೆಣೆದುಕೊಳ್ಳಲೇಬೇಕು.

ಯಾಕೆ ಎಂದು ಕೇಳಿದವರಿಗೆ ನಾನು ಉತ್ತರ ಕೊಡುವುದಿಲ್ಲ, ತಿರುಗಿ ನಿಲ್ಲುತ್ತೇನೆ. ನನ್ನ ಜಡೆ ಮಂಡಿ ಮುಟ್ಟುತ್ತದೆ. ಐವತ್ತಾರನೇ ವಯಸ್ಸಿನಲ್ಲಿ ಇಂಥದ್ದೊಂದು ಜಡೆಯನ್ನು ಈ ಸುತ್ತಮುತ್ತ ಯಾರಾದರೂ ತೋರಿಸಲಿ ನೋಡೋಣ. ನಮ್ಮ ಯಜಮಾನರು ಆಂಜಿನಪ್ಪ ಮೂವತ್ತು ವರ್ಷ ಇದೇ ಎಣ್ಣೆ ಹಚ್ಚಿಯೂ ಅವರ ತಲೆ ನುಣ್ಣಗಾಗಿದೆಯಲ್ಲ ಎಂದು ಕೆಲವರು ಕೊಂಕು ತೆಗೆಯುತ್ತಾರೆ. ಅದು ಹೆಲ್ಮೆಟ್ಟಿನಿಂದ.

ಯುಗಾದಿ ಕಳೆದ ಮೇಲೆ ಮಹಡಿಯ ಮೂಲೆ ಮನೆಗೆ ಸೌಮ್ಯಾ ಬಂದಳು. ಹಾವೇರಿ ಕಡೆಯವಳು, ಇಲ್ಲೇ ಮಾತ್ರೆ ಮಾಡುವ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ. ಹುಡುಗಿ ಬಂಗಾರ, ಕೂದಲು ಮಾತ್ರ ದೇವರಿಗೇ ಪ್ರೀತಿ. ಒಂದೊಂದು ಎಳೆಯೂ ಸ್ಪ್ರಿಂಗು. ಹುಟ್ಟುತ್ತಲೇ ಕೊಂಕಿಕೊಂಡು ಬಂದ ಕೂದಲನ್ನು ನಾನು ಕೊಂಕದ ಹಾಗೆ ನೋಡಿಕೊಳ್ಳುವುದು ಹೇಗೆ? ಅವಳು ಬಾಚಣಿಗೆ ಮುಟ್ಟುತ್ತಲೇ ಇರಲಿಲ್ಲ. ಒದ್ದೆ ಕೂದಲನ್ನು ಬೆರಳಲ್ಲಿ ಬಿಡಿಸಿ, ಹಳೇ ಬನಿಯನ್ನಿನಲ್ಲಿ ಒತ್ತಿ, ಹಾಗೇ ಬಿಟ್ಟುಕೊಂಡು ಹೊರಡುತ್ತಿದ್ದಳು. ನೋಡಿ ನೋಡಿ ನನ್ನ ಹೊಟ್ಟೆ ಉರಿಯಿತು.

ಎರಡನೇ ಭಾನುವಾರ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ಬಟ್ಟಲು ಎಣ್ಣೆ ನೆತ್ತಿಗೆ ಸುರಿದೆ. "ನನ್ನ ಕೂದ್ಲ ಬ್ಯಾರೆ ಐತ್ರಿ ಆಂಟಿ," ಎಂದಳು. ಒಣಗಿದಾಗ ಬಾಚಿದರೆ ತುಂಡಾಗುತ್ತದೆ, ಹರಳೆಣ್ಣೆ ಅಂಟಿದರೆ ಬಿಡುವುದಿಲ್ಲ, ಇಲ್ಲಿಯ ಬೋರ್ ನೀರು ಬೇರೆ ಗಡಸು ಎಂದು ಲ್ಯಾಬಿನ ಪಾಠ ಶುರು ಮಾಡಿದಳು. ಉಳಿದ ಮನೆಗಳ ಹೆಂಗಸರು ಕೆಲಸ ಬಿಟ್ಟು ಕಿವಿ ಕೊಟ್ಟರು. ನನಗೆ ಸಿಟ್ಟು ನೆತ್ತಿಗೇರಿತು.

"ಕೂದ್ಲಲ್ಲಿ ಬೇರೆ ಏನ್ ಬಂತು? ಮೂರ್ ತಿಂಗ್ಳು ನಾನ್ ಹೇಳ್ದಂಗೆ ಮಾಡು. ನಿನ್ ಕೂದ್ಲು ದಪ್ಪವಾಗಿ ನೆಟ್ಟಗಾಗ್ಲಿಲ್ಲ ಅಂದ್ರೆ ಈ ಜಡೆ ಕತ್ತರಿಸಿ ಪಾತ್ರೆಯವ್ನಿಗೆ ಕೊಟ್ಬಿಡ್ತೀನಿ," ಎಂದೆ. ಮಾತು ಆರು ಮನೆಗೂ ಕೇಳಿಸಿತು.

ಪಾತ್ರೆಯವನೆಂದರೆ ರಾಜೇಂದ್ರ. ಮೊಪೆಡ್ಡಿಗೆ ಮೈಕು ಕಟ್ಟಿಕೊಂಡು ಬರುತ್ತಾನೆ. ಬಾಚುವಾಗ ಉದುರಿದ ಕೂದಲನ್ನು ಹೆಂಗಸರು ಉಂಡೆ ಕಟ್ಟಿ ಕೂಡಿಟ್ಟುಕೊಟ್ಟರೆ, ತೂಗಿ ನೋಡಿ ಅದಕ್ಕೆ ತಕ್ಕ ಸ್ಟೀಲು ಪಾತ್ರೆ ಕೊಡುತ್ತಾನೆ. ನನ್ನ ಅಡುಗೆಮನೆಯ ಶೆಲ್ಫಿನಲ್ಲೂ ಹೊಸ ಡಬ್ಬಿಗಳು ಸಾಲಾಗಿ ಹೊಳೆಯುತ್ತವೆ. ಸಂಸಾರ ಎಂದಮೇಲೆ ಡಬ್ಬಿ ಇರಬೇಕಲ್ಲ.

ಸೌಮ್ಯಾ ಪಾಪದ ಹುಡುಗಿ, ಹೇಳಿದ ಹಾಗೆ ಕೇಳಿದಳು. ಒಂದು ದಿನ ಮಾತ್ರ ಎಣ್ಣೆ ತಪ್ಪಿಸಿದಳು. ಅವತ್ತು ನನಗೂ ಮೋಟಾರು ಹಾಕುವುದು ಹೇಗೋ ಒಂದು ಗಂಟೆ ತಡವಾಯಿತು. ಮೊದಲ ತಿಂಗಳು ಅವಳ ಕೂದಲು ತಲೆಗೆ ಮೆತ್ತಿಕೊಂಡಿತು. ಎರಡನೇ ತಿಂಗಳು ಬಾಚಣಿಗೆಗೆ ಬರತೊಡಗಿತು. ಹಳೇದು ಹೋಗಿ ಹೊಸದು ಬರುತ್ತದೆ ಎಂದು ಸಮಾಧಾನ ಹೇಳಿದೆ. ಮೂರನೇ ತಿಂಗಳು ಒಂದು ದಿನ ಅವಳು ಟೆರೇಸಿನಲ್ಲಿ ನಿಂತು, ಅಗಲವಾದ ಬೈತಲೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ನೋಡಿಕೊಳ್ಳುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಇನ್ನು ಎಣ್ಣೆ ಸಾಕು ಬಿಡು ಎನ್ನಲು ಬಾಯಿ ತೆರೆದೆ. ತಕ್ಷಣ ನನ್ನ ಜಡೆ ನೆನಪಾಯಿತು. ನಾಳೆಯಿಂದ ಎರಡು ಚಮಚ ಜಾಸ್ತಿ ಹಚ್ಚು ಎಂದೆ.

ಅದಾದ ವಾರಕ್ಕೆ ರಾಜೇಂದ್ರ ಬಂದ. ಬಂದವನು ಮೈಕು ಆರಿಸಿ, ಗೇಟಿನೊಳಗೇ ಬಂದು, ಮುಚ್ಚಳ ಸಮೇತ ಒಂದು ದೊಡ್ಡ ದಬರಿಯನ್ನು ನನ್ನ ಕೈಗಿಟ್ಟ. ಹೆಂಗಸರೆಲ್ಲ ಮೆಟ್ಟಿಲ ಮೇಲಿದ್ದರು. ಇದೇನಪ್ಪ ಎಂದು ಕೇಳಿದೆ.

"ಈ ಏರಿಯಾದಲ್ಲಿ ನಿಮ್ ಬಿಲ್ಡಿಂಗ್‌ನಿಂದ ಬಂದಷ್ಟು ಕೂದ್ಲು ಎಲ್ಲೂ ಬರಲ್ಲಮ್ಮ. ಅದಕ್ಕೆ ನನ್ ಕಡೆಯಿಂದ ಇದು."

ಒಂದು ಕ್ಷಣ ನನಗೆ ಹೆಮ್ಮೆಯೇ ಆಯಿತು. ಆಮೇಲೆ ಅವನು ಹೇಳಿದ್ದು ಏನೆಂದು ತಲೆಗೆ ಹೋಯಿತು. ಮೆಟ್ಟಿಲ ಮೇಲೆ ಒಬ್ಬೊಬ್ಬರೂ ಸೆರಗು, ದುಪಟ್ಟಾ ಬಾಯಿಗೆ ಒತ್ತಿಕೊಂಡಿದ್ದರು. ಮಾನ ಉಳಿಸಿಕೊಳ್ಳಬೇಕಲ್ಲ, ಅದೆಲ್ಲ ಸೌಮ್ಯಾಳ ಗುಂಗುರು ಕೂದಲಿರಬೇಕು, ಆ ಜಾತಿಯೇ ಅಂಥದ್ದು ಎಂದುಬಿಟ್ಟೆ. ರಾಜೇಂದ್ರನಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ.

"ಇಲ್ಲಮ್ಮ, ಆಯಮ್ಮಂದು ಒಂದು ಹಿಡಿ ಇರಬೋದು. ಜಾಸ್ತಿ ನಿಮ್ದೇ ಅಲ್ವಾ. ತಿಂಗ್ಳು ತಿಂಗ್ಳು ಹಿಂದಿನ ಗಲ್ಲೀಲಿ ಬಂದು ಕೊಡ್ತೀರಲ್ಲ."

ನಿಮಗೂ ನಾನು ಇದನ್ನು ಹೇಳಿರಲಿಲ್ಲ. ಆ ಡಬ್ಬಿಗಳೆಲ್ಲ ನನ್ನ ತಲೆಯಿಂದಲೇ ಇಳಿದು ಬಂದವು. ಜಡೆ ಉದ್ದವೇನೋ ಹೌದು, ಆದರೆ ದಪ್ಪವೆಲ್ಲ ಮುಡಿದ ಹೂವಿನದು. ಎಂಟು ವರ್ಷದ ಹಿಂದೆ ಬಾವಿ ಮುಚ್ಚಿ ಬಿಲ್ಡಿಂಗ್ ಕಟ್ಟಿ ಬೋರ್ ಹಾಕಿಸಿದಾಗಿನಿಂದ ಬಾಚಣಿಗೆ ತುಂಬುತ್ತಲೇ ಇದೆ. ತುಂಬಿದಷ್ಟೂ ಎಣ್ಣೆ ಜಾಸ್ತಿ ಮಾಡಿದೆ. ಬೇರೆಯವರಿಗೆ ಹಚ್ಚಿ ಅವರಿಗೆ ಚೆನ್ನಾಗಿ ಬಂದರೆ ನನಗೂ ಬರುತ್ತದೆ ಎಂಬ ಆಸೆ ಇತ್ತು. ಈಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಜಗುಲಿಯ ಮೇಲೆ ಕೂತಿದ್ದ ನಮ್ಮ ಯಜಮಾನರು ಬೋಳುತಲೆ ಸವರಿಕೊಂಡು ಮೆಲ್ಲಗೆ ಕೇಳಿದರು: "ನೀನ್ ಯಾವಾಗ ಎಲ್ಮೆಟ್ ಆಕ್ಕೊಂಡಿದ್ದೆ?"

ಮೂವತ್ತು ವರ್ಷ ಕಾದು ಆಡಿದ ಮಾತು ಅದು. ಬಿಲ್ಡಿಂಗಿಗೆ ಬಿಲ್ಡಿಂಗೇ ನಕ್ಕಿತು. ನಾನು ಒಳಗೆ ಹೋಗಿ ಕತ್ತರಿ ತಂದೆ. ಸೋತರೂ ಭಾಗ್ಯಮ್ಮ ಮಾತಿಗೆ ತಪ್ಪಿದಳು ಎನ್ನಬಾರದು. ಜಡೆಯನ್ನು ಮುಂದಕ್ಕೆಳೆದು ಕತ್ತರಿ ಇಟ್ಟೆ. ಸೌಮ್ಯಾ ಓಡಿ ಬಂದು ಕೈ ಹಿಡಿದಳು.

"ಮೂರ್ ತಿಂಗ್ಳಿಗೆ ಇನ್ನೂ ಹನ್ನೊಂದ್ ದಿನ ಐತ್ರಿ ಆಂಟಿ. ಅಷ್ಟು ದಿನ ನೀವು ನಾ ಹೇಳ್ದಂಗ ಕೇಳ್ರಿ."

ಹನ್ನೊಂದು ದಿನ ನಾನು ಬಾಡಿಗೆಯವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತೆ. ಎಣ್ಣೆ ವಾರಕ್ಕೊಂದು ಸಲ, ಅದೂ ಅಂಗೈಗೆ ಸವರುವಷ್ಟು. ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ. ಕೊನೆಗೊಂದು ಚೊಂಬು ಫಿಲ್ಟರ್ ನೀರು. ಕುಡಿಯುವ ನೀರನ್ನು ತಲೆಗೆ ಹಾಕುತ್ತಾಳಲ್ಲ ಎಂದು ನಾನು ಗೊಣಗಿದರೂ ಅವಳು ಕೇಳಲಿಲ್ಲ. ಎಲ್ಲ ಮಾಡುವುದಾದರೆ ಪೂರ್ತಿ ಮಾಡೋಣ ಎಂದು ನಾನೊಂದು ದಿನ ಯಜಮಾನರ ಬನಿಯನ್ ತಲೆಗೆ ಸುತ್ತಿಕೊಂಡರೆ, ಅದು ಗುಂಗುರು ಕೂದಲಿಗೆ, ನಿಮಗಲ್ಲ ಎಂದು ಬೈದು ಕಿತ್ತುಕೊಂಡಳು. ಅವಳ ತಲೆಯ ಮೇಲೆ ಆಗಲೇ ಸ್ಪ್ರಿಂಗುಗಳು ಮತ್ತೆ ಎದ್ದು ಕೂತಿದ್ದವು. ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ.

ಹನ್ನೊಂದನೇ ದಿನ ಅವಳ ಕೂದಲು ನೆಟ್ಟಗಾಗಿರಲಿಲ್ಲ. ಸೋಲು ಸೋಲೇ. ಸೌಮ್ಯಾಳೇ ಕತ್ತರಿ ಹಿಡಿದು, ಇಲಿ ಬಾಲದಂತೆ ಸಣ್ಣಗಾಗಿದ್ದ ಒಂದೂವರೆ ಗೇಣು ತುದಿಯನ್ನು ಮಾತ್ರ ಕತ್ತರಿಸಿ ನನ್ನ ಕೈಗೆ ಕೊಟ್ಟಳು. ಅದು ಬಾವಿ ನೀರು ಕಂಡ ಕೂದಲು. ಎಲ್ಲರೆದುರಿಗೂ ಅತ್ತುಬಿಟ್ಟೆ. ರಾಜೇಂದ್ರ ಅದನ್ನು ತೂಗಿ ಒಂದು ಚಿಕ್ಕ ಲೋಟ ಕೊಟ್ಟ. ಇಷ್ಟೇನಾ ಎಂದು ಕೇಳಿದೆ. ಇಷ್ಟೇ ಅಮ್ಮ ಎಂದ.

ಮೊನ್ನೆ ಕೆಳಗಿನ ಮನೆ ನೋಡಲು ಹೊಸ ಹುಡುಗಿಯೊಬ್ಬಳು ಬಂದಿದ್ದಳು. ತೆಳ್ಳಗಿನ ಕೂದಲು. ಅದೇ ಲೋಟದಲ್ಲಿ ಕಾಫಿ ಕೊಟ್ಟೆ. ಸೊಂಟ ದಾಟಿ ಇಳಿದ ನನ್ನ ಜಡೆ ನೋಡಿ, ಏನು ಹಚ್ಚುತ್ತೀರಾ ಆಂಟಿ ಎಂದು ಕೇಳಿದಳು. ನನ್ನ ನಾಲಿಗೆ ತುರಿಸಿತು. ಜಗುಲಿಯಿಂದ ಯಜಮಾನರು ಕೆಮ್ಮಿದರು. ಒಳಗೆ ಕ್ಯಾನಿನಲ್ಲಿ ಐದು ಲೀಟರ್ ಎಣ್ಣೆ ಹಾಗೇ ಕೂತಿದೆ.

"ಕೂದ್ಲು ಅವರವರ್ದು ಕಣಮ್ಮ, ಅದ್ ಬಿಡು," ಎಂದೆ. "ನಿಂಗೆ ಮಂಡಿ ನೋವೇನಾದ್ರೂ ಐತಾ?"