ಶಾಹನ ಪತ್ರದ ಚೀಲ ಹೊಲಿದವಳು

"ಕಣ್ಣು ಬಿಡೇ, ಕತ್ತೆ ಮುಂಡೆ! ನೋಡಿಲ್ಲಿ!"

ಅರಮನೆಯ ಪತ್ರ ಬರೆಯುವ ಮುನ್ಷಿ ಮಿರ್ಜಾ ವಹೀದ್ ಕಾಗದವನ್ನು ಗುಲಂದಾಮಳ ಮೂಗಿಗೆ ತಾಗುವಂತೆ ಹಿಡಿದ. ಪರದೇಶದ ದೊರೆಗೆ ಹೋಗುವ ಶಾಹನ ಪತ್ರವನ್ನು ಜರಿಚೀಲದಲ್ಲಿಟ್ಟು ಬಾಯಿ ಹೊಲಿಯುವವರಿಗೆ ಓದು ಬರಕೂಡದು. ಬಂದರೆ ಕಣ್ಣು ಕೀಳುತ್ತಾರೆ. ಅದಕ್ಕೇ ಈ ಪರೀಕ್ಷೆ: ಎದೆ ಒಡೆಯುವಂಥದ್ದೇನಾದರೂ ಬರೆದು ತೋರಿಸಿ ಮುಖ ನೋಡುವುದು.

ಕಾಗದದಲ್ಲಿತ್ತು: "ನಿನ್ನಣ್ಣ ಯಾರ್‌ಕುಲಿಯ ಕತ್ತನ್ನು ಬೆಳಿಗ್ಗೆ ಹಿಸುಕಿಸಿದೆವು."

ಗುಲಂದಾಮಳಿಗೆ ಓದು ಬರುತ್ತಿತ್ತು. ಅರಮನೆಯ ಮಗ್ಗದಲ್ಲಿ ಬಟ್ಟೆಯಂಚಿಗೆ ಅಕ್ಷರ ನೇಯುತ್ತಿದ್ದ ಆ ಅಣ್ಣನೇ ಕಲಿಸಿದ್ದ. ಜರಿ ಕದ್ದನೆಂದು ಅವನನ್ನು ಹಿಡಿದು ತಿಂಗಳಾಗಿತ್ತು. ಚೀಲ ಹೊಲಿದುಕೊಟ್ಟರೆ ಬಿಡುತ್ತೇವೆ ಎಂದಿದ್ದಕ್ಕೇ ಅವಳು ಬಂದದ್ದು.

ಅವಳು ರೆಪ್ಪೆ ಮಿಟುಕಿಸಲಿಲ್ಲ.

"ಚೆಂದಾಗೈತೆ ಬುದ್ಧಿ. ಇರುವೆ ಸಾಲು ಹೋದಂಗೈತೆ."

"ಇಲುವೆ ಛಾಲು ಓದಂಗೈತೆ!" ಮುನ್ಷಿ ಅವಳ ದನಿಯನ್ನೇ ಅಣಕಿಸಿ, ಹೊಟ್ಟೆ ಕುಣಿಸಿ ನಕ್ಕ. ಬಾಗಿಲ ಕಾವಲುಗಾರ ಕಾಗದದತ್ತ ಬಗ್ಗಿ ಪಿಸುಗುಟ್ಟಿದ: "ಬರ್ದಿರೋದು ನಿಜವಾ ಸ್ವಾಮಿ?"

"ಸುಳ್ಳು ಬರಿಯಾಕೆ ನಾನೇನ್ ಕವಿಯೇನೋ?" ಅವಳತ್ತ ತಿರುಗಿ ಮುನ್ಷಿ ದನಿಗೆ ಜೇನು ಸವರಿಕೊಂಡ. "ಹೊಲಿಯವ್ವ, ಹೊಲಿ. ಸಂಜಿಗೆ ನಿಮ್ಮಣ್ಣ ಮನೇಲಿರ್ತಾನೆ. ಸಾರು ಬಿಸಿ ಮಾಡಿಟ್ಟಿರು."

ಒಂದು ಹೊಲಿಗೆ ಬಿತ್ತು. ಎರಡು. ಮೂರನೆಯದಕ್ಕೆ ಸೂಜಿ ಕೈಜಾರಿ ನೆಲಕ್ಕೆ ಬಿತ್ತು. ಅವಳು ಅದನ್ನು ಹುಡುಕಲಿಲ್ಲ. ಚೀಲದೊಳಗೆ ಕೈಹಾಕಿ, ಚಿನ್ನದ ಪುಡಿ ಚಿಮುಕಿಸಿದ ಪತ್ರವನ್ನು ಹೊರಗೆಳೆದು, ಎದ್ದು ನಿಂತು ಗಟ್ಟಿಯಾಗಿ ಓದತೊಡಗಿದಳು.

"ದೇವರ ನೆರಳಾದ ಶಾಹನ ಮಾತು..."

ಶಾಹನ ಮಾತು ಓದುವಾಗ ಯಾರೇ ಇರಲಿ, ಓದು ಮುಗಿಯುವವರೆಗೆ ಕೈಕಟ್ಟಿ ತಲೆಬಾಗಿ ನಿಲ್ಲಬೇಕು; ನಡುವೆ ಬಾಯಿ ಹಾಕಿದವನ ನಾಲಿಗೆ ಹೋಗುತ್ತದೆ. ಕಾವಲುಗಾರನ ಕತ್ತು ತಾನಾಗಿ ಬಗ್ಗಿತು. ಮುನ್ಷಿ ಬಾಯಿ ತೆರೆದ; ಕಾವಲುಗಾರ ಓರೆಗಣ್ಣಿನಿಂದ ನೋಡುತ್ತಿರುವುದು ಕಂಡು ಬಾಯಿ ಮುಚ್ಚಿ ತಾನೂ ಬಗ್ಗಿದ. ಅಂಗಳದ ನೇಕಾರರು ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದು ನೆರೆದರು.

"ನಮ್ಮ ನಾಡಿನಲ್ಲಿ ಬಡವನ ಒಂದು ಕೂದಲೂ ಕೊಂಕುವುದಿಲ್ಲ..." ಗುಲಂದಾಮ್ ನಿಲ್ಲಿಸಿದಳು. "ಕೇಳುಸ್ತಾ ಬುದ್ಧಿ? ಇದನ್ನ ಇನ್ನೊಂದ್ಸಲ ಓದ್ತೀನಿ."

ಓದಿದಳು. ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಇನ್ನಷ್ಟು ಬಗ್ಗುವ ನೆಪದಲ್ಲಿ ಮುನ್ಷಿ ನೆಲದ ಮೇಲಿನ ಸೂಜಿಯನ್ನು ಮೆಲ್ಲಗೆ ಎತ್ತಿಕೊಂಡು, ಮೊನೆಯನ್ನು ಅವಳ ಕಣ್ಣಿನತ್ತ ತಿರುಗಿಸಿ ಹಿಡಿದ. ಅವಳು ನೋಡಿದಳು. ಪತ್ರದಲ್ಲಿ ಇನ್ನು ಮೂರೇ ಸಾಲು ಉಳಿದಿದ್ದವು. ಅವಳು ಒಂದೊಂದೇ ಅಕ್ಷರ ಬಿಡಿಸಿ ಓದತೊಡಗಿದಳು.