ಕಿವಿಗೆ ಬೀಳದ ಸುದ್ದಿ

ಆಧಾರ್ ತೋರಸ್ರೀ ಅಕ್ಕೋರ, ಎಂದು ಕಂಡಕ್ಟರನ ಕೈ ಮುಖದ ಮುಂದೆ ಬಂದಿದೆ, ಉಗುರಿನ ಮೇಲೆ ನೀಲಿ ಇಂಕು, ಮಂಜುಷಾ ಪರ್ಸಿನೊಳಗೆ ತಡಕಾಡುತ್ತಾಳೆ, ಮೊದಲು ಸಿಗುವುದು ದುಬೈಯ ಗುರುತಿನ ಚೀಟಿ, ಅದಲ್ಲ, ಅದರ ಹಿಂದೆ ಮೆಟ್ರೋ ಕಾರ್ಡು, ಅದೂ ಅಲ್ಲ, ಕೊನೆಗೆ ಕುಸನೂರಿನ ವಿಳಾಸದ ಹಳೆಯ ಆಧಾರ್, ಆ ವಿಳಾಸದಲ್ಲಿ ಅವಳು ವಾಸವಿಲ್ಲದೆ ಹನ್ನೊಂದು ವರ್ಷವಾಯಿತು, ಕಂಡಕ್ಟರ್ ಅದನ್ನೇನು ಓದುವವನೇ, ಹೆಂಗಸು ಹೌದು, ಊರು ಹೌದು, ಸೊನ್ನೆಯ ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ. ಪಕ್ಕದಲ್ಲಿ ತಮ್ಮ ಪವಮಾನ ತನ್ನ ಟಿಕೆಟ್ಟನ್ನು ಮಡಚಿ ಮಡಚಿ ಜೇಬಿಗಿಡುತ್ತಿದ್ದಾನೆ. ತಲೆಯ ಮೇಲೆ ಟೊಪ್ಪಿಗೆ, ಅದರ ಕೆಳಗೆ ಕೂದಲು ಈಗಷ್ಟೇ ಚಿಗುರುತ್ತಿದೆ, ಹೆತ್ತ ಆಯಿಯ ಕರ್ಮಕ್ಕೆಂದು ಬೋಳಿಸಿದ್ದು, ಮೀಸೆ ಇಲ್ಲದ ಮುಖ ಎಂಟು ವರ್ಷದ ಹುಡುಗನದಾಗಿಬಿಟ್ಟಿದೆ, ಅಯ್ಯೋ, ಇವನ ಮುಖ ನೋಡಿ ಹೇಗೆ ಹೇಳುವುದು, ಹೇಳದೆ ಹೇಗೆ ಇರುವುದು, ನಿನ್ನೆ ಹದಿಮೂರನೆಯ ದಿನದ ಊಟ ಮುಗಿದಿದೆ, ನಾಳೆ ಬೆಳಿಗ್ಗೆ ಹೈದರಾಬಾದಿಗೆ ಕಾರು, ಅಲ್ಲಿಂದ ವಿಮಾನ, ಉಳಿದಿರುವುದು ಈ ಬಸ್ಸಿನ ಒಂದು ತಾಸು ಹೋಗುವುದು ಒಂದು ತಾಸು ಬರುವುದು ಮಾತ್ರ. ಅವನ ತೊಡೆಯ ಮೇಲಿನ ಕೈಚೀಲದಲ್ಲಿ ಆಯಿಯ ಎರಡು ಇಳಕಲ್ ಸೀರೆ ಇವೆ, ಕಮಲಾಪುರದ ಅಮೀನಾಳಿಗೆ ಮುಟ್ಟಿಸಬೇಕು. ಆಯಿ ಅಲ್ಲಿಯ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿದವಳು, ಅಮೀನಾ ಅದೇ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸಿದವಳು, ಆಯಿ ದಿನವೂ ಹತ್ತುತ್ತಿದ್ದದ್ದು ಇದೇ ದಾರಿಯ ಬಸ್ಸು.

ಹೇಳಿಬಿಡಬೇಕು. ಪವನಾ, ಫೋನ್ ನನ್ನ ಕೈಯಾಗ ಇತ್ತು, ಅಷ್ಟೇ, ನಾಲ್ಕು ಮಾತು. ಗಂಟಲಿನಲ್ಲಿ ನಾಲ್ಕೂ ಸಾಲಾಗಿ ನಿಂತಿವೆ, ಒಂದೂ ಹೊರಗೆ ಬರುವುದಿಲ್ಲ, ಹೊರಗೆ ತೊಗರಿ ಕೊಯ್ದ ಹೊಲಗಳು, ಕೂಳೆಗಳು, ಜನವರಿಯ ಬಿಸಿಲು, ಇದೇ ಜನವರಿ ದುಬೈಯಲ್ಲಿ ಎಷ್ಟು ಚೆಂದ, ಅಲ್ಲಿ ಜನ ವರ್ಷವಿಡೀ ಕಾಯುವುದೇ ಈ ನಾಲ್ಕು ತಿಂಗಳಿಗೆ, ಗುರುವಾರ ಬಂತೆಂದರೆ ಅವಳು ಪಾಠ ಹೇಳುವ ಶಾಲೆಯ ಸ್ಟಾಫ್ ರೂಮಿನಲ್ಲಿ ಆರಾಮಾ ಎಂದು ಯಾರೂ ಕೇಳುವುದಿಲ್ಲ, ಈ ವಾರ ಎಲ್ಲಿಗೆ ಎಂದು ಕೇಳುತ್ತಾರೆ, ಎಲ್ಲಿಗೂ ಇಲ್ಲ ಎಂದರೆ ಜ್ವರವೇ ಎಂದು ಹಣೆ ಮುಟ್ಟುತ್ತಾರೆ. ಮೊದಲ ವರ್ಷ ಅವಳಿಗೆ ನಾಚಿಕೆಯಾಗುತ್ತಿತ್ತು, ಕೆಲಸವಿಲ್ಲದೆ, ದೇವರಿಲ್ಲದೆ, ನೆಂಟರಿಲ್ಲದೆ ಬರೀ ಸಂತೋಷಕ್ಕೆ ಅಂತ ಮನೆಬಿಟ್ಟು ಹೊರಡುವುದೇ, ಕಲಬುರಗಿಯಲ್ಲಿ ಹೊರಡುವುದೆಂದರೆ ಸೂಪರ್ ಮಾರ್ಕೆಟ್ಟಿಗೆ, ಕುಪ್ಪಸದ ಬಟ್ಟೆಗೆ, ಸಂಜೆಯೊಳಗೆ ವಾಪಸ್ಸು. ಆಮೇಲೆ ರುಚಿ ಹತ್ತಿತು, ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಹತ್ತಿತು — ಮರಳುಗುಡ್ಡೆಯ ಮೇಲಿಂದ ಕಾರು ಇಳಿಯುವಾಗ ಹೊಟ್ಟೆಯೊಳಗೆ ಏಳುವ ಕಚಗುಳಿ, ಸಮುದ್ರದ ದಂಡೆಯಲ್ಲಿ ಚಾಪೆ ಹಾಸಿ ಡಬ್ಬಿ ಬಿಚ್ಚಿದರೆ ಒಂದರಲ್ಲಿ ಪುಳಿಯೋಗರೆ, ಒಂದರಲ್ಲಿ ಮಲಬಾರಿನ ಪತ್ತಿರಿ ರೊಟ್ಟಿ, ಗಂಡ ಆನಂದತೀರ್ಥ ಸಮುದ್ರದ ನಡುವಿನ ಎಣ್ಣೆಬಾವಿಗೆ ಹದಿನೈದು ದಿನ ಹೋದರೂ, ಅಲ್ಲಿ ಅವನ ಫೋನು ಸಿಗದಿದ್ದರೂ, ಅವಳೂ ಮಗಳು ಶುಭದಾಳೂ ಸುಮ್ಮನೆ ಮನೆಯಲ್ಲಿ ಕೂತದ್ದಿಲ್ಲ. ಹೋದಲ್ಲೆಲ್ಲ ವಿಡಿಯೋ, ವಾಟ್ಸಪ್ಪಿನ ಸ್ಟೇಟಸ್ಸಿಗೆ, ಮೊದಲು ನೋಡುವವಳು ಆಯಿ. ಮರುದಿನ ಫೋನಿನಲ್ಲಿ, ನೀಲಿ ಡ್ರೆಸ್ ಯಾವಾಗ ತಗೊಂಡಿ, ತಲಿ ಹಂಗ್ಯಾಕ ಬಿಚ್ಚಿ ಬಿಟ್ಟಿದ್ದಿ, ಬಯ್ಯುತ್ತಲೇ ನಗುತ್ತಿದ್ದಳು, ನಗಲಿ ಎಂದೇ ಅವಳು ಹಾಕುತ್ತಿದ್ದದ್ದು.

ಆ ಶುಕ್ರವಾರದ ಚಕ್ರ, ಜಾತ್ರೆಯ ತಿರುಗುವ ತೊಟ್ಟಿಲಿನಂಥದು. ಆಕಾಶದಷ್ಟೆತ್ತರ, ಗಾಜಿನ ಪೆಟ್ಟಿಗೆಯಂಥ ಕೋಣೆ, ಮಗಳು ಮೂಗನ್ನು ಗಾಜಿಗೆ ಒತ್ತಿ ನಿಂತಿದ್ದಾಳೆ, ನಾಳೆ ಅವಳಿಗೆ ಹತ್ತು ತುಂಬುತ್ತದೆ, ದೋಣಿಯ ಮೇಲೆ ಪಾರ್ಟಿ, ಹದಿನೆಂಟು ಮಕ್ಕಳು, ಎರಡು ತಿಂಗಳಿಂದ ಕುಳಿತು ಕುಳಿತು ಮಾಡಿದ ಏರ್ಪಾಡು. ಬುಧವಾರ ಆಯಿಯನ್ನು ಆಸ್ಪತ್ರೆಗೆ ಸೇರಿಸಿದ್ದರು, ಉಸಿರಿನ ತೊಂದರೆ, ಗುರುವಾರ ಪವಮಾನ ಫೋನ್ ಮಾಡಿ ಡಾಕ್ಟರ್ ಆಸೆ ಕೊಡವಲ್ರು ಅಕ್ಕ ಅಂದಿದ್ದ, ಭಾನುವಾರದ ವಿಮಾನಕ್ಕೆ ಟಿಕೆಟ್ ತೆಗೆದಿದ್ದಳು, ಭಾನುವಾರದವರೆಗೆ ಇರುತ್ತಾಳೆ, ಇರಲೇಬೇಕು, ಆಯಿ ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಚಕ್ರ ಮೇಲೇರುತ್ತಿದೆ, ಆರೂ ನಲವತ್ತು, ಊರಿನಲ್ಲಿ ಎಂಟೂ ಹತ್ತು, ಅಂಗೈಯಲ್ಲಿ ಫೋನು ನಡುಗಿತು, ಪವನಾ ಎಂಬ ಹೆಸರು. ಈ ಹೊತ್ತಿನಲ್ಲಿ ಯಾಕೆ ಮಾಡುತ್ತಾನೆ, ಅದಕ್ಕೇ ಮಾಡುತ್ತಾನೆ, ಆಯಿ ಹೋದಳು. ಎತ್ತಿದರೆ ಹೋದಳು ಎನ್ನುತ್ತಾನೆ, ಅಂದ ಕೂಡಲೇ ಸೂತಕ, ಮದುವೆಯಾದ ಮಗಳಿಗೆ ಮೂರು ದಿನ, ಎಣಿಕೆ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ, ದೀಪವಿಲ್ಲ ಆರತಿಯಿಲ್ಲ ಸಿಹಿಯಿಲ್ಲ, ಕಿವಿಗೆ ಬೀಳದಿದ್ದರೆ — ಬೀಳದಿದ್ದರೆ ಸೂತಕವೇ ಇಲ್ಲ. ನಡುಗಿ ನಡುಗಿ ಫೋನು ಸುಮ್ಮನಾಯಿತು. ಮತ್ತೆ. ಮತ್ತೆ. ಮೂರನೆಯದೂ ನಿಂತ ಮೇಲೆ ಏನು ಮಾಡಿದಳು, ಅದನ್ನು ನೆನೆದರೆ ಈ ಬಸ್ಸಿನ ಕಂಬಿಗೆ ತಲೆ ಚಚ್ಚಿಕೊಳ್ಳಬೇಕು ಎನಿಸುತ್ತದೆ, ಮಗಳ ಹೆಗಲ ಮೇಲೆ ಕೈ ಹಾಕಿ, ಹಲ್ಲು ಕಾಣುವಂತೆ ನಕ್ಕು, ಕೆಳಗಿನ ದೀಪಗಳ ಊರನ್ನೆಲ್ಲ ಹಿಡಿದು ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕಿದಳು. ನನಗೆ ಸುದ್ದಿ ಗೊತ್ತಿರಲಿಲ್ಲ ಎಂಬುದಕ್ಕೆ ಒಂದು ಸಾಕ್ಷಿ ಇರಲಿ ಎಂದು. ಗೊತ್ತಿದ್ದವಳು ಹಾಗೆ ನಗುತ್ತಾಳೆಯೇ, ಯಾರಾದರೂ ನಂಬುತ್ತಾರೆಯೇ. ಆಮೇಲೆ ಇನ್ನೂ ನಾಲ್ಕು ಸಲ ನಡುಗಿತು, ಒಟ್ಟು ಏಳು. ಕೆಳಗಿಳಿದವಳೇ ಫೋನನ್ನು ಪೂರ್ತಿ ಬಂದ್ ಮಾಡಿ ಚೀಲದ ತಳಕ್ಕೆ ತುರುಕಿದಳು, ಭಾನುವಾರ ಮಧ್ಯಾಹ್ನದವರೆಗೆ ತೆಗೆಯಲಿಲ್ಲ, ಶನಿವಾರ ದೋಣಿಯ ಮೇಲೆ ಮಗಳಿಗೆ ಆರತಿ ಎತ್ತಿದಳು, ಕೇಕಿನ ತುಂಡು ಬಾಯಿಗಿಟ್ಟಳು, ಕುಣಿದಳು ಕೂಡ.

ಇದನ್ನು ಯಾವ ಪುಸ್ತಕದಲ್ಲಿಯೂ ಓದಿದ್ದಲ್ಲ. ಕಲಿಸಿದವಳು ಆಯಿಯೇ. ಹನ್ನೊಂದು ವರ್ಷದ ಮಂಜುಷಾ, ಮನೆಯಲ್ಲಿ ಮೂರು ದಿನದ ಮಹಾಲಕ್ಷ್ಮಿ ಕೂತ ಎರಡನೆಯ ದಿನ, ಮಡಿಸೀರೆಯಲ್ಲಿ ಆಯಿ ಹೋಳಿಗೆ ಬೇಯಿಸುತ್ತಿದ್ದಾಳೆ, ಪಡಸಾಲೆಯಲ್ಲಿ ಮುತ್ತೈದೆಯರು ಎಲೆಯ ಮುಂದೆ ಕೂತಿದ್ದಾರೆ, ಬಾಗಿಲಲ್ಲಿ ಟಪಾಲಿನ ದತ್ತಪ್ಪ, ಸೊಲ್ಲಾಪುರದಿಂದ ತಾರು ಬಂದದರೀ ಬಾಯಾರ. ಸೊಲ್ಲಾಪುರದಲ್ಲಿ ಅಜ್ಜ ಹದಿನೈದು ದಿನದಿಂದ ಹಾಸಿಗೆ ಹಿಡಿದಿದ್ದ. ಆಯಿಯ ಕೈ ಹಂಚಿನ ಮೇಲೆ ನಿಂತಿತು, ಹೋಳಿಗೆ ಹತ್ತಿ ಹೊಗೆ ಬಂತು, ಅದನ್ನು ತಿರುವಿ ಹಾಕಿ ಮಗಳನ್ನು ಸನ್ನೆಯಿಂದ ಕರೆದು ಕಿವಿಯಲ್ಲಿ ಹೇಳಿದಳು, ದತ್ತಪ್ಪಗ ಹೇಳು, ಆಯಿ ಮನ್ಯಾಗಿಲ್ಲ, ನಾಡದು ತಗೊಂಡು ಬಾ ಅನ್ನು, ಕೇಳಿಲ್ಲಂದ್ರ ಸೂತಕಿಲ್ಲ, ದೇವರು ಕೂತಾಳ, ಎಬ್ಬಿಸಬಾರದು. ಅವಳೇ ಹೋಗಿ ಹೇಳಿದಳು. ದತ್ತಪ್ಪ ತಿಳಿದವನು, ಏನೂ ಕೇಳದೆ ಸೈಕಲ್ ತಿರುಗಿಸಿದ. ಎರಡು ದಿನ ಆಯಿ ಬಡಿಸಿದಳು, ಅರಿಶಿನ ಕುಂಕುಮ ಕೊಟ್ಟಳು, ಹಾಡು ಹೇಳಿದಳು, ದೇವರನ್ನು ಕಳಿಸಿದ ಮರುದಿನ, ದತ್ತಪ್ಪ ಮತ್ತೆ ತಂದ ತಾರನ್ನು ಬಚ್ಚಲಿನಲ್ಲಿ ಕೂತು ಒಡೆದು, ಒದ್ದೆ ಸೀರೆಯಲ್ಲಿ ಕತ್ತಲಾಗುವವರೆಗೆ ಅತ್ತಳು. ಆಯಿಯದು ದೇವರಿಗಾಗಿ, ನನ್ನದು ಕೇಕಿಗಾಗಿ, ಅಷ್ಟೇ ಫರಕು, ಫರಕು ಸಣ್ಣದೋ ದೊಡ್ಡದೋ ಮಂಜುಷಾಗೆ ತಿಳಿಯುವುದಿಲ್ಲ.

ಮತ್ತೆ ಆ ಸುಳ್ಳು. ಭಾನುವಾರ ಫೋನು ಹಚ್ಚಿದಾಗ ಪವಮಾನ ಒಂದು ಮಾತೂ ಬಯ್ಯಲಿಲ್ಲ, ಎಲ್ಲಿದ್ದಿ ಅಕ್ಕ ಎಂದಷ್ಟೇ ಕೇಳಿದ, ಅವಳ ಬಾಯಿಗೆ ತಾನಾಗಿ ಬಂತು, ಶುಕ್ರವಾರ ಮಧ್ಯಾಹ್ನ ನೀರಾಟದ ಪಾರ್ಕಿನ ಲಾಕರಿನಾಗ ಫೋನ್ ಮರ್ತು ಬಂದೆ, ಇವತ್ತ ಸಿಕ್ತು. ಸ್ಟೇಟಸ್ ನೆನಪೇ ಆಗಲಿಲ್ಲ, ಅದು ಅಷ್ಟರಲ್ಲಿ ತಾನೇ ಅಳಿಸಿಹೋಗಿತ್ತು, ಯಾರು ನೋಡಿದರು ಎಂದೂ ಅವಳು ನೋಡಲಿಲ್ಲ. ಶನಿವಾರ ನಸುಕಿನ ನಾಲ್ಕಕ್ಕೆ ಹೋದಳು ಅಕ್ಕ, ಎಂದ ಪವಮಾನ. ಶನಿವಾರ. ಹಾಗಾದರೆ ಶುಕ್ರವಾರ ಸಂಜೆ ಇನ್ನೂ — ಅವನೇ ಮುಂದೆ ಹೇಳಿದ, ಗುರುವಾರ ರಾತ್ರಿಯಿಂದನ ಎಚ್ಚರ ಇದ್ದಿದ್ದಿಲ್ಲ, ಯಾರ ಗುರ್ತೂ ಇದ್ದಿದ್ದಿಲ್ಲ, ನೀ ಫೋನ್ ಎತ್ತಿದ್ರೂ ಏನೂ ಆಗ್ತಿದ್ದಿಲ್ಲ. ಆ ಮಾತನ್ನು ಹಿಡಿದುಕೊಂಡೇ ಹನ್ನೆರಡು ದಿನ ಬದುಕಿದ್ದಾಳೆ, ಎಚ್ಚರ ಇರಲಿಲ್ಲ, ಎಚ್ಚರ ಇರಲಿಲ್ಲ, ಊಟಕ್ಕೆ ಕೂತಾಗ, ನೀರು ಹಾಕಿಕೊಳ್ಳುವಾಗ, ಎಚ್ಚರ ಇರಲಿಲ್ಲವಲ್ಲ ಪುಣ್ಯಕ್ಕೆ.

ಇಳಿಯಿರಿ, ಕಮಲಾಪುರ. ಸ್ಟ್ಯಾಂಡಿನ ಹೊರಗೆ ಕೆಂಪು ಬಾಳೆಯ ಗೊನೆಗಳು ತೂಗುತ್ತಿವೆ, ಮಸೀದಿಯ ಹಿಂದಿನ ಓಣಿ, ಸಗಣಿ ಸಾರಿಸಿದ ಅಂಗಳ, ಅಮೀನಾ ಗೋಡೆ ಹಿಡಿದು ಎದ್ದು ಬಂದಳು, ಬಾ ಬೇಟಿ ಎಂದು ಎರಡೂ ಕೈಯಿಂದ ಕೆನ್ನೆ ಸವರಿದಳು, ಸೀರೆಗಳನ್ನು ಮೂಗಿನ ಹತ್ತಿರ ಹಿಡಿದು ಟೀಚರಮ್ಮನ ವಾಸನಿ ಅದ ಎಂದಳು. ಚಹಾ ಬೇಡವೆಂದರೂ ಒಲೆಯ ಮೇಲೆ ಇಟ್ಟಳು. ತಾನು ಕಲಬುರಗಿಗೆ ಹೊರಟ ದಿನ ಆಯಿ ಬಸ್ಸಿನಲ್ಲಿ ಜಾಗ ಹಿಡಿದಿಡುತ್ತಿದ್ದದ್ದು, ತನ್ನ ಮಗಳ ನಿಕಾಹಕ್ಕೆ ಮಳೆಯಲ್ಲಿ ಬಂದದ್ದು, ಒಂದರ ಹಿಂದೆ ಒಂದು ಹೇಳುತ್ತಲೇ ಹೋದಳು, ಪವಮಾನ ಗಡಿಯಾರ ನೋಡುತ್ತಿದ್ದ, ಮಂಜುಷಾ ಹೂಂ ಹೂಂ ಅನ್ನುತ್ತಿದ್ದಳು, ಅಮೀನಾ ಚಹಾ ಸೋಸುತ್ತ ಹೇಳಿದಳು, ಆಖರಿಗೆ ಆ ಶುಕ್ರವಾರ, ಜುಮ್ಮಾ ದಿನ ರಾತ್ರಿ ಟೀಚರಮ್ಮ ಫೋನ್ ಮಾಡಿದ್ರು ನೋಡು ಬೇಟಿ, ಇಶಾ ನಮಾಜ್ ಮುಗಿಸಿ ಕುಂತಿದ್ದೆ, ಆವಾಜ್ ಸಾಫ್ ಇತ್ತು, ನನ್ನ ಮಗಳು ಆಸಮಾನ್‌ದಾಗ ಚಕ್ರದ ಮ್ಯಾಲ ಕುಂತಾಳ ಅಮೀನಾ, ಭಾಳ ಖುಷಿಯಿಂದ ನಗಲಾಕತ್ತಾಳ ಅಂದ್ರು. ಪವಮಾನ ಚಹಾಕ್ಕೂ ಕಾಯದೆ ಎದ್ದ. ಅವನು ನಡೀ ಅಕ್ಕ, ಬಸ್ ಬರ್ತದ, ಎಂದ.

ಬಸ್ಸು ಬರಲಿಲ್ಲ. ಸ್ಟ್ಯಾಂಡಿನ ಸಿಮೆಂಟ್ ಬೆಂಚು ಬಿಸಿಲಿಗೆ ಕಾದಿದೆ, ಅವಳು ಅದರ ಮೇಲೆ ಕೂತಿದ್ದಾಳೆ, ಅವನು ನಿಂತಿದ್ದಾನೆ, ಗುರುವಾರದಿಂದ ಎಚ್ಚರ ಇರಲಿಲ್ಲ ಅಂದವನು ನೀನೇ ಅಲ್ಲವೇನು ಎಂದು ಅವಳು ಕೇಳಲಿಲ್ಲ, ಗಂಟಲಿನಲ್ಲಿ ನಿಂತಿದ್ದ ನಾಲ್ಕು ಮಾತು ಮೊದಲು ಬಿದ್ದವು, ಪವನಾ, ಫೋನ್ ನನ್ನ ಕೈಯಾಗ ಇತ್ತು. ಗೊತ್ತದ, ಎಂದ ಅವನು, ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. ಸಿಟ್ಟಿಲ್ಲದ ದನಿ, ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಅವನು ಹೇಳಿದ್ದನ್ನೆಲ್ಲ ಅವಳು ಬೆಂಚಿನ ಅಂಚು ಹಿಡಿದು ಕೇಳಿದಳು. ಮೊದಲ ಮೂರು ಸಲ ಹಚ್ಚಿದ್ದು ಅವನು, ಆಯಿ ಮಾತಾಡಬೇಕು ಅಂದಿದ್ದಳು, ಮಂಜುವಿನ ದನಿ ಕೇಳಬೇಕು ಅಂದಿದ್ದಳು. ಅಷ್ಟರಲ್ಲಿ ಸ್ಟೇಟಸ್ ಬಂತು. ಆಯಿ ಅದನ್ನು ಹಾಕಿಸಿಕೊಂಡು ಹಾಕಿಸಿಕೊಂಡು ನೋಡಿದಳು, ಹುಡುಗಿಗೆ ಸ್ವೆಟರ್ ಹಾಕಿಲ್ಲ ಎಂದಳು, ಅಮೀನಾಳಿಗೆ ಫೋನ್ ಮಾಡಿ ಹೇಳಿದಳು. ಆಮೇಲೆ, ಕೊಡು ಇಲ್ಲಿ, ಎತ್ತತಾಳ, ಈಗ ಫೋನ್ ಕೈಯಾಗ ಅದ ಅಲಾ, ಎಂದು ಮೂಗಿನ ಮೇಲಿನ ಆಕ್ಸಿಜನ್ ನಳಿಗೆಯನ್ನು ಸರಿಸಿ, ಉಳಿದ ನಾಲ್ಕು ಸಲ ತಾನೇ ಹಚ್ಚಿದಳು.

ಏಳನೆಯದಾದ ಮೇಲೆ ಏನಂದಳು, ಎಂದು ಮಂಜುಷಾ ಕೇಳಿದಳು, ಕೇಳಬಾರದಿತ್ತು. ಪವಮಾನ ರಸ್ತೆಯ ಕಡೆ ನೋಡಿದ. ಬ್ಯಾಡ ಅಕ್ಕ, ಎಂದ. ಹೇಳು, ಎಂದಳು. ಅವನ ಮೀಸೆಯಿಲ್ಲದ ತುಟಿ ಅಡಗಲು ಜಾಗವಿಲ್ಲದೆ ನಡುಗಿತು, ಹೇಳಿದ, ಇನ್ನ ಹಚ್ಚಬ್ಯಾಡ ಪವನಾ, ನಾ ಹೋಗೀನಂತ ತಿಳಕೊಂಡಾಳ, ಹುಡುಗಿ ಹುಟ್ಟಿದ ಹಬ್ಬ ಆಗಲಿ, ನಾಡದು ಹೇಳಿದ್ರಾತು. ಅಷ್ಟಂದು ಕಣ್ಣು ಮುಚ್ಚಿದಳು, ಎಚ್ಚರ ಇತ್ತು, ನಾಲ್ಕು ಗಂಟೆಯವರೆಗೂ ಇತ್ತು.

ಬಸ್ಸು ಬಂದಿದೆ ಬಹುಶಃ, ಕಲಬುರಗಿ ಕಲಬುರಗಿ ಎಂದು ಯಾರೋ ಕೂಗುತ್ತಿದ್ದಾರೆ, ಅಕ್ಕ ಏಳು, ಏಳು ಅಕ್ಕ, ತಮ್ಮನ ಕೈ ತೋಳಿನ ಮೇಲಿದೆ, ಅವಳು ಏಳುತ್ತಾಳೆ, ಎದ್ದಳೋ ಇಲ್ಲವೋ, ಆಯಿ ದಿಂಬಿಗೆ ಒರಗಿ ಕೂತಿದ್ದಾಳೆ, ಬೆಳ್ಳಗಿನ ಕೂದಲನ್ನು ಕಿವಿಯ ಹಿಂದೆ ಸರಿಸಿ ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಾಳೆ, ರಿಂಗು ಹೋಗುತ್ತಿದೆ, ಆ ರಿಂಗು ಆಯಿಗೆ ಕೇಳುತ್ತಿದೆ, ಈಗ ಎತ್ತುತ್ತಾಳೆ ಎಂದು ಕಾದಿದ್ದಾಳೆ, ಮಂಜು ಎನ್ನಲು ತುಟಿ ಕೂಡಿಕೊಂಡಿದೆ, ರಿಂಗು ಹೋಗುತ್ತಿದೆ, ಎತ್ತುತ್ತಿಲ್ಲ, ಆಯಿ ಬದುಕಿದ್ದಾಳೆ, ಕಿವಿಗೆ ಒತ್ತಿ ಹಿಡಿದಿದ್ದಾಳೆ, ರಿಂಗು ಹೋಗುತ್ತಿದೆ, ಒತ್ತಿ ಹಿಡಿದಿದ್ದಾಳೆ.